ಪಾಸೋವರ್ ಊಟಕ್ಕೆ ವೀಗನ್ ಅಡುಗೆ: ಮಾಂಸ ಬಿಡೋದು ಸುಲಭ, ತಲೆನೋವೆಲ್ಲ ಮೊಟ್ಟೆದು

ಯಹೂದಿ ಸ್ನೇಹಿತರು ಪಾಸೋವರ್ ಹಬ್ಬದ ಊಟಕ್ಕೆ ಕರೆದಿದ್ದಾರೆ, ನೀವು ವೀಗನ್, ಇಲ್ಲಾಂದ್ರೆ ಅವರ ಮನೆ ಮಗಳೇ ಈ ವರ್ಷ ವೀಗನ್ ಆಗಿದ್ದಾಳೆ, ಏನಾದ್ರೂ ಒಂದು ಐಟಂ ಮಾಡ್ಕೊಂಡು ಬನ್ನಿ ಅಂದಿದ್ದಾರೆ ಅಂತ ಇಟ್ಕೊಳ್ಳಿ. ನ್ಯೂಜೆರ್ಸಿ, ಬೇ ಏರಿಯಾ ಕಡೆ ಇರೋ ಕನ್ನಡದವರಿಗೆ ಇಂಥ ಕರೆ ಅಪರೂಪ ಏನಲ್ಲ. ನಮ್ಮ ತಲೆಗೆ ಮೊದಲು ಬರೋದೇನು, ಹಾಲು ತುಪ್ಪ ಬೇಡ, ಮಾಂಸ ಮೊಟ್ಟೆ ಬೇಡ, ಹಾಗಾದ್ರೆ ಒಂದು ಪಾತ್ರೆ ಚೋಲೆ, ಜೊತೆಗೆ ಒಂದಿಷ್ಟು ಚಿತ್ರಾನ್ನ, ಮುಗೀತು ಕೆಲಸ. ಪಕ್ಕಾ ವೀಗನ್ನೇ, ಡೌಟಿಲ್ಲ. ಆದ್ರೆ ಬಹಳ ಮನೆಗಳಲ್ಲಿ ಈ ಎರಡನ್ನೂ ಆ ರಾತ್ರಿ ಟೇಬಲ್ ಮೇಲೆ ಇಡೋ ಹಾಗೇ ಇಲ್ಲ. ಕಡ್ಲೆಕಾಳು, ಅಕ್ಕಿ, ಸಾಸಿವೆ, ಇಂಗು, ನಮ್ಮ ಅಡುಗೆಯ ಜೀವಾಳ ಅಂತ ಯಾವ್ದನ್ನ ಅಂದ್ಕೊಂಡಿದೀವೋ ಅವೇ ಅಲ್ಲಿ ಸಿಕ್ಕಾಕೊಳ್ಳೋದು, ಅದ್ರಲ್ಲೂ ಇಂಗು ಎಲ್ಲಕ್ಕಿಂತ ಡೇಂಜರ್, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಹಬ್ಬ ಯಾವ್ದು ಅಂತ ಎರಡು ಮಾತು. ಪಾಸೋವರ್, ಅವರು ಪೆಸಾಖ್ ಅಂತಾರೆ, ಕನ್ನಡ ಬೈಬಲ್ ಓದಿದವರಿಗೆ ಪಸ್ಕ ಹಬ್ಬ ಅಂದ್ರೆ ಗೊತ್ತಾಗುತ್ತೆ. ಈಜಿಪ್ಟಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರು ಬಿಡುಗಡೆಯಾಗಿ ಹೊರಟಿದ್ದರ ನೆನಪು. ಹೊರಡೋ ಅರ್ಜೆಂಟಲ್ಲಿ ಹಿಟ್ಟು ಹುಳಿ ಬರೋಕೂ ಟೈಮ್ ಇರಲಿಲ್ಲ ಅನ್ನೋ ಕಥೆ, ಅದಕ್ಕೇ ಹುಳಿಯಿಲ್ಲದ ರೊಟ್ಟಿ, ಅಂದ್ರೆ ಮಾಟ್ಜಾ. ಅವರ ಕ್ಯಾಲೆಂಡರಿನ ನಿಸಾನ್ ತಿಂಗಳ 15ಕ್ಕೆ ಶುರು, ಹುಣ್ಣಿಮೆ ಹೊತ್ತು, 2026ರಲ್ಲಿ ಏಪ್ರಿಲ್ 1ರ ಸಂಜೆಯಿಂದ. ಇಸ್ರೇಲಲ್ಲಿ 7 ದಿನ, ಹೊರಗಡೆ ಬಹುಪಾಲು ಜನ 8 ದಿನ ಮಾಡ್ತಾರೆ. ಮೊದಲ ರಾತ್ರಿ (ಹೊರದೇಶದಲ್ಲಿ ಮೊದಲ ಎರಡು ರಾತ್ರಿ) ಮನೆಮಂದಿಯೆಲ್ಲ ಕೂತು ಕಥೆ ಓದಿ, ಹಾಡಿ, ನಡುವೆ ಊಟ ಮಾಡೋದಿದೆಯಲ್ಲ ಅದೇ ಸೇಡರ್.

ಇಲ್ಲಿ ರೂಲ್ಸ್ ಮೂರು ಪದರದಲ್ಲಿದೆ, ಎಲ್ಲ ಕಲಸಿಬಿಟ್ರೆ ತಲೆ ಕೆಡುತ್ತೆ, ಒಂದೊಂದಾಗಿ ಬಿಡಿಸಿದ್ರೆ ಅಷ್ಟೇನೂ ಕಷ್ಟ ಇಲ್ಲ.

ಮೊದಲನೇದು ವರ್ಷಪೂರ್ತಿ ಇರೋ ಕೋಷರ್ ನಿಯಮ, ಅಂದ್ರೆ ಯಹೂದಿಗಳು ಏನು ತಿನ್ನಬಹುದು ಏನು ತಿನ್ನಬಾರದು ಅನ್ನೋ ಧರ್ಮದ ಕಟ್ಟಳೆ. ಹಂದಿ, ಸಿಗಡಿ ಇಂಥವು ಇಲ್ಲ, ಮಾಂಸ ಮತ್ತೆ ಹಾಲು ಒಟ್ಟಿಗೆ ಇಲ್ಲ. ಎರಡೂ ಅಲ್ಲದ ನ್ಯೂಟ್ರಲ್ ಪದಾರ್ಥಕ್ಕೆ ಪಾರೆವ್ ಅಂತಾರೆ, ಪ್ಯಾಕೆಟ್ ಮೇಲೂ ಬರೆದಿರುತ್ತೆ. ಇಲ್ಲೇ ಬಹಳ ಜನ ಎಡವೋದು, ಪಾರೆವ್ ಅಂತ ನೋಡಿ ಓಹೋ ವೀಗನ್ ಅಂದ್ಕೋತಾರೆ, ಅಲ್ಲ! ಮೊಟ್ಟೆ ಪಾರೆವ್, ಜೇನು ಪಾರೆವ್, ಮೀನೂ ಪಾರೆವ್. ಅದರಿಂದ ಗ್ಯಾರಂಟಿಯಾಗಿ ಗೊತ್ತಾಗೋದು ಹಾಲು ಮತ್ತೆ ಮಾಂಸ ಇಲ್ಲ ಅಂತ, ಅಷ್ಟೇ. ಇನ್ನು ಉಲ್ಟಾ ಕಡೆಯಿಂದ, ವೀಗನ್ ಅಂದ ಮಾತ್ರಕ್ಕೆ ಕೋಷರ್ ಆಗಿಬಿಡೋಲ್ಲ. ಸೊಪ್ಪಲ್ಲಿರೋ ಹುಳ ತಿನ್ನೋ ಹಾಗಿಲ್ಲ, ಹಾಗಾಗಿ ಲೆಟ್ಯೂಸ್, ಪಾಲಕ್, ಕೊತ್ತಂಬರಿ ಎಲ್ಲ ಎಲೆ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡ್ತಾರೆ. ಈ ವಿಷಯಕ್ಕೆ 2018ರಲ್ಲಿ ದೊಡ್ಡ ಜಗಳವೇ ಆಯ್ತು: ರೋಮ್ ನಗರದ ಯಹೂದಿಗಳು ಶತಮಾನಗಳಿಂದ ಆರ್ಟಿಚೋಕ್ ಅನ್ನೋ ಮೊಗ್ಗಿನಂಥ ತರಕಾರಿಯನ್ನ ಇಡಿಯಾಗಿ ಆಲಿವ್ ಎಣ್ಣೆಲಿ ಹೂವಿನ ಥರ ಅರಳಿಸಿ ಕರೀತಾರೆ, ಇಸ್ರೇಲಿನ ಮುಖ್ಯ ರಬ್ಬಿಗಳ (ಧರ್ಮಗುರುಗಳ) ಕಚೇರಿ ಕಡೆಯಿಂದ ಅದರ ದಳದೊಳಗೆ ಹುಳ ಇರುತ್ತೆ, ಕ್ಲೀನ್ ಮಾಡೋಕೆ ಆಗಲ್ಲ, ಕೋಷರ್ ಅಲ್ಲ ಅಂತ ಬಂತು, ರೋಮಿನವರು ನಿಮ್ಮ ಮಾತು ನಿಮಗೆ ಅಂತ ಕರಿಯೋದು ಮುಂದುವರೆಸಿದ್ರು. ನನಗಂತೂ ರೋಮಿನವರ ಪಕ್ಷವೇ ಸರಿ ಅನ್ಸುತ್ತೆ, ಅವರ ಆರ್ಟಿಚೋಕ್ ಮೊಗ್ಗು ಗಟ್ಟಿಯಾಗಿ ಮುಚ್ಚಿರುತ್ತಂತೆ, ಒಳಗೆ ಏನೂ ಹೋಗಲ್ಲ ಅನ್ನೋದು ಅವರ ವಾದ. ಅದಿರ್ಲಿ.

ಎರಡನೇ ಪದರ ಪಾಸೋವರ್‌ಗೇ ಅಂತ ಇರೋದು, ಹಮೆಟ್ಸ್. ಗೋಧಿ, ಬಾರ್ಲಿ, ರೈ, ಸ್ಪೆಲ್ಟ್, ಓಟ್ಸ್, ಈ ಐದು ಧಾನ್ಯದ ಹಿಟ್ಟಿಗೆ ನೀರು ತಾಗಿ 18 ನಿಮಿಷದೊಳಗೆ ಬೇಯದಿದ್ರೆ ಅದು ಹಮೆಟ್ಸ್. ತಿನ್ನೋ ಹಾಗಿಲ್ಲ, ಮನೇಲಿ ಇಟ್ಕೊಳ್ಳೋ ಹಾಗೂ ಇಲ್ಲ, ಅದಕ್ಕೇ ಹಬ್ಬಕ್ಕೆ ಮುಂಚೆ ಮನೆ ಮೂಲೆ ಮೂಲೆ ಗುಡಿಸಿ ಬ್ರೆಡ್ ಚೂರು ಹುಡುಕ್ತಾರೆ. ಮಾಟ್ಜಾ ಕೂಡ ಅದೇ ಗೋಧಿಯದ್ದೇ, ಆದ್ರೆ ನೀರು ಹಾಕಿದ ಗಳಿಗೆಯಿಂದ 18 ನಿಮಿಷದೊಳಗೆ ಕಲಸಿ, ಲಟ್ಟಿಸಿ, ತೂತು ಹೊಡೆದು, ಸುಟ್ಟು ಮುಗಿಸಿರ್ತಾರೆ. ಬರೀ ಹಿಟ್ಟು ನೀರು, ಹಾಗಾಗಿ ಸಾದಾ ಮಾಟ್ಜಾ ವೀಗನ್. ಎಗ್ ಮಾಟ್ಜಾ ಅಂತ ಇನ್ನೊಂದು ಡಬ್ಬ ಪಕ್ಕದಲ್ಲೇ ಇರುತ್ತೆ, ನೋಡ್ಕೊಂಡು ತಗೊಳ್ಳಿ.

ಗಮನಿಸಿ, ಹುದುಗು ಬರೋದೇ ತಪ್ಪು ಅಂತ ಅಲ್ಲ. ಆ ರಾತ್ರಿ ನಾಲ್ಕು ಲೋಟ ವೈನ್ ಕುಡಿಯೋದು ವಿಧಿ, ವೈನ್ ಹುದುಗಿದ್ದಲ್ದೆ ಇನ್ನೇನು. ಪೂರ್ವ ಯುರೋಪಿನ ಯಹೂದಿಗಳು ಬೀಟ್‌ರೂಟನ್ನ ನೀರಲ್ಲಿ ಹಾಕಿ ಮೂರು ನಾಲ್ಕು ವಾರ ಹುಳಿ ಬರಿಸಿ ಪಾಸೋವರ್‌ಗೆ ಅಂತಲೇ ಸೂಪ್ ಮಾಡ್ತಿದ್ರು. ಐದು ಧಾನ್ಯ ಹುಳಿ ಬರಬಾರದು, ಅಷ್ಟೇ ಲೆಕ್ಕ. ಹಂಗೆ ನೋಡಿದ್ರೆ ನಮ್ಮ ಇಡ್ಲಿ ದೋಸೆ ಹಿಟ್ಟು ರಾತ್ರಿಯೆಲ್ಲ ಉಬ್ಬಿದ್ರೂ ಹಮೆಟ್ಸ್ ಅಲ್ಲ, ಅದರಲ್ಲಿ ಗೋಧಿ ಇಲ್ಲವಲ್ಲ. ಅದರ ಸಮಸ್ಯೆ ಬೇರೆ.

ವೀಗನ್‌ಗಳಿಗೆ ಈ ಪದರದಲ್ಲಿ ಎರಡು ಪೆಟ್ಟು ಬೀಳುತ್ತೆ. ಒಂದು ಸೈಟಾನ್, ಅದು ಶುದ್ಧ ಗೋಧಿ ಅಂಟು, ಪ್ರಶ್ನೆಯೇ ಇಲ್ಲ. ಇನ್ನೊಂದು ಓಟ್ ಮಿಲ್ಕ್. ಕಾಫಿಗೆ ದಿನಾ ಹಾಕ್ಕೊಂಡು ಅಭ್ಯಾಸ ಆಗಿರೋದ್ರಿಂದ ಬ್ಯಾಗಲ್ಲಿ ಒಂದು ಕಾರ್ಟನ್ ಇಟ್ಕೊಂಡು ಹೋಗಿಬಿಡ್ತೀವಿ, ಅದು ಅಲ್ಲಿ ಬ್ರೆಡ್ ತಗೊಂಡ್ ಹೋದಷ್ಟೇ.

ಮೂರನೇ ಪದರವೇ ಅಸಲಿ ಗಂಟು, ಕಿಟ್ನಿಯೋಟ್. ಅಕ್ಕಿ, ಮೆಕ್ಕೆಜೋಳ, ಬೇಳೆ ಕಾಳುಗಳೆಲ್ಲ, ಸೋಯಾ, ಎಳ್ಳು, ಸಾಸಿವೆ, ಬಕ್‌ವೀಟ್, ಹೀಗೆ ಉದ್ದ ಪಟ್ಟಿ. ಇವು ಹಮೆಟ್ಸ್ ಅಲ್ಲ, ಆಗೋಕೂ ಸಾಧ್ಯ ಇಲ್ಲ. ಆದ್ರೂ ಯುರೋಪಿನ ಮೂಲದ ಅಶ್ಕೆನಾಝಿ ಯಹೂದಿಗಳು 13ನೇ ಶತಮಾನದಿಂದ ಇವನ್ನ ಪಾಸೋವರಲ್ಲಿ ತಿನ್ನಲ್ಲ. ಕಾರಣ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಗೋಧಿ ಜೊತೆ ಒಂದೇ ಹೊಲ, ಒಂದೇ ಚೀಲದಲ್ಲಿ ಬೆರೆತಿರಬಹುದು, ಹಿಟ್ಟು ಮಾಡಿದ್ರೆ ಯಾವ್ದು ಯಾವ್ದು ಅಂತ ಗೊತ್ತಾಗಲ್ಲ, ಜನ ಕನ್ಫ್ಯೂಸ್ ಆಗ್ತಾರೆ ಅಂತ. 14ನೇ ಶತಮಾನದಲ್ಲೇ ರಬ್ಬೇನು ಯೆರುಹಾಮ್ ಅನ್ನೋ ಪಂಡಿತರು ಇದು ಮೂರ್ಖ ಪದ್ಧತಿ ಅಂತ ಬರೆದಿದ್ರು, ಆದ್ರೆ ಪದ್ಧತಿ ನಿಲ್ಲಲಿಲ್ಲ. ಅದೇ ಸ್ಪೇನ್, ಇರಾಕ್, ಯೆಮನ್ ಕಡೆಯ ಸೆಫಾರ್ದಿ, ಮಿಜ್ರಾಹಿ ಮನೆಗಳಲ್ಲಿ ಇದಿಲ್ಲ, ಅಕ್ಕಿಯನ್ನ ಮೂರು ಸಲ ಕಾಳು ಕಾಳು ಆರಿಸಿ ಗೋಧಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಅನ್ನ ಮಾಡ್ತಾರೆ. ಅವರಲ್ಲೂ ಎಲ್ಲರೂ ಒಂದೇ ಅಂದ್ಕೋಬೇಡಿ, ಮೊರಾಕ್ಕೊ ಕಡೆಯ ಎಷ್ಟೋ ಕುಟುಂಬಗಳು ಅಕ್ಕಿ ಮುಟ್ಟಲ್ಲ. ಅಮೆರಿಕಾದ ಕನ್ಸರ್ವೇಟಿವ್ ಪಂಗಡದ ಧರ್ಮನಿಯಮ ಸಮಿತಿ 2015ರ ಕೊನೆಯಲ್ಲಿ ಅಶ್ಕೆನಾಝಿಗಳೂ ಕಿಟ್ನಿಯೋಟ್ ತಿನ್ನಬಹುದು ಅಂತ ಒಪ್ಪಿತು, ಅದಾದ ಮೇಲೂ ಅಜ್ಜಿ ಮಾಡಿದ ಹಾಗೇ ನಾವು ಅನ್ನೋ ಮನೆಗಳು ಬೇಕಾದಷ್ಟಿವೆ. ನಮ್ಮಲ್ಲಿ ಏಕಾದಶಿಗೆ ಒಬ್ಬರ ಮನೇಲಿ ಅವಲಕ್ಕಿ ನಡಿಯುತ್ತೆ, ಪಕ್ಕದ ಮನೇಲಿ ನಡಿಯಲ್ಲ, ಇಬ್ಬರೂ ತಮ್ಮದೇ ಸರಿ ಅಂತಾರಲ್ಲ, ಆ ಥರ. ಪುಸ್ತಕದಲ್ಲಿ ಏನಿದೆ ಅನ್ನೋದಕ್ಕಿಂತ ಆ ಮನೇಲಿ ಏನು ನಡ್ಕೊಂಡು ಬಂದಿದೆ ಅನ್ನೋದೇ ಮುಖ್ಯ.

ಹಾಗಾಗಿ ಕರೆದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ವೀಗನ್ ಬಗ್ಗೆ ಅಲ್ಲವೇ ಅಲ್ಲ. ನೀವು ಕಿಟ್ನಿಯೋಟ್ ತಿಂತೀರಾ? ಇದೊಂದನ್ನ ಮೆಸೇಜ್ ಹಾಕಿ ಕೇಳಿಬಿಡಿ. ಹೌದು ಅಂದ್ರೆ ನಿಮ್ಮ ಕೆಲಸ ಮುಕ್ಕಾಲು ಮುಗೀತು, ಅನ್ನ, ಕಡ್ಲೆಕಾಳು, ತೋಫು, ತಾಹಿನಿ ಎಲ್ಲ ವಾಪಸ್ ಬಂತು, ಚೋಲೆ ಆಸೆನೂ ಈಡೇರುತ್ತೆ. ಇಲ್ಲ ಅಂದ್ರೆ ಮಾತ್ರ ಈ ಲೇಖನದ ಮುಂದಿನ ಭಾಗ ನಿಮಗೆ ಬೇಕಾಗುತ್ತೆ, ಯಾಕಂದ್ರೆ ವೀಗನ್ ಅಡುಗೆಯ ಬಲಗೈ ಎಡಗೈ ಎರಡೂ, ಅಂದ್ರೆ ಕಾಳು ಮತ್ತೆ ಸೋಯಾ, ಒಂದೇ ಸಲ ಹೋಯ್ತು. ಉಳಿಯೋದು ತರಕಾರಿ, ಹಣ್ಣು, ಬಾದಾಮಿ ಅಕ್ರೋಟು ಗೋಡಂಬಿ, ಅಣಬೆ, ಆಲೂಗಡ್ಡೆ, ಗೆಣಸು, ಮರಗೆಣಸು, ತೆಂಗು, ಆಲಿವ್ ಎಣ್ಣೆ. ಕೀನ್ವಾ ಕೂಡ ಸೇರಿಸ್ಕೋಬಹುದು, ಅದು ದಕ್ಷಿಣ ಅಮೆರಿಕಾದ್ದು, ಆ ಕಾಲದ ಯುರೋಪಿನ ರಬ್ಬಿಗಳಿಗೆ ಅದರ ಹೆಸರೇ ಗೊತ್ತಿರಲಿಲ್ಲ, ವರ್ಷಗಟ್ಟಲೆ ಚರ್ಚೆ ಆಗಿ 2013ರಲ್ಲಿ ಅಮೆರಿಕಾದ ದೊಡ್ಡ ಕೋಷರ್ ಸಂಸ್ಥೆ ಓಯು ಒಪ್ಪಿಗೆ ಕೊಟ್ಟಿತು, ಪಾಸೋವರ್ ಮಾರ್ಕ್ ಇರೋ ಪ್ಯಾಕೆಟ್ ತಗೋಬೇಕು ಅಷ್ಟೇ. ಕಡಲೆಬೀಜ ಸ್ವಲ್ಪ ಗಲಾಟೆ ಕೇಸು, ಕೆಲವರಿಗೆ ಓಕೆ, ಹೆಚ್ಚಿನವರಿಗೆ ಅಲ್ಲ, ಬಿಟ್ಬಿಡಿ.

ಮೆಕ್ಕೆಜೋಳ ಪಟ್ಟಿಲಿರೋದು ಎಷ್ಟು ದೂರ ಹೋಗುತ್ತೆ ಗೊತ್ತಾ, ಅಮೆರಿಕಾದಲ್ಲಿ ಕೋಕಾಕೋಲಾಗೆ ಕಾರ್ನ್ ಸಿರಪ್ ಹಾಕ್ತಾರಲ್ಲ, ಪಾಸೋವರ್ ಹತ್ತಿರ ಬಂದಾಗ ಸಕ್ಕರೆ ಹಾಕಿದ ಬಾಟಲ್ ಹಳದಿ ಮುಚ್ಚಳ ಹಾಕ್ಕೊಂಡು ಬರುತ್ತೆ, ಹಬ್ಬಕ್ಕೂ ಯಹೂದಿಗಳಿಗೂ ಸಂಬಂಧ ಇಲ್ಲದವರೂ ರುಚಿ ಚೆನ್ನಾಗಿದೆ ಅಂತ ಹುಡುಕ್ಕೊಂಡು ಹೋಗಿ ತಗೋತಾರೆ. ಪೌಡರ್ ಶುಗರಲ್ಲೂ ಕಾರ್ನ್ ಸ್ಟಾರ್ಚ್ ಇರುತ್ತೆ, ಬೇಕಿಂಗ್ ಪೌಡರಲ್ಲೂ ಸಾಮಾನ್ಯವಾಗಿ ಅದೇ.

ಈಗ ಮೊಟ್ಟೆ ವಿಷಯಕ್ಕೆ ಬರೋಣ. ವೀಗನ್ ಸೇಡರ್ ಅಂದ ತಕ್ಷಣ ಎಲ್ಲರೂ ಚಿಂತೆ ಮಾಡೋದು ಮಾಂಸದ್ದು, ಬ್ರಿಸ್ಕೆಟ್ ಇಲ್ದೆ ಹಬ್ಬನಾ ಅಂತ. ಅದು ದೊಡ್ಡ ವಿಷಯನೇ ಅಲ್ಲ. ಮುಖ್ಯ ಐಟಂ ಬದಲಾಯಿಸಿದ್ರೆ ಆಯ್ತು. ಹಾಲಿನದ್ದೂ ತೊಂದರೆ ಇಲ್ಲ, ಯಾಕಂದ್ರೆ ಸೇಡರ್ ಊಟಕ್ಕೆ ಮಾಂಸ ಇರೋದ್ರಿಂದ ಸಾಂಪ್ರದಾಯಿಕ ಮನೆಯವರೇ ಹಾಲು ಬೆಣ್ಣೆ ಹಾಕಲ್ಲ, ಎಣ್ಣೆಲಿ ಮಾಡೋ ಸ್ವೀಟು ಸೈಡ್ ಡಿಶ್ಶು ಎಲ್ಲ ತಲೆತಲಾಂತರದಿಂದ ರೆಡಿ ಇದೆ. ಕೈ ಕೊಡೋದು ಮೊಟ್ಟೆ. ಬ್ರೆಡ್ ಇಲ್ಲ, ಯೀಸ್ಟ್ ಇಲ್ಲ, ಮೈದಾ ಇಲ್ಲ, ಹಾಗಿದ್ದ ಮೇಲೆ ಕೇಕ್ ಉಬ್ಬಿಸೋಕೆ, ಉಂಡೆ ಕಟ್ಟೋಕೆ, ಆಲೂಗಡ್ಡೆ ತುರಿ ಹಿಡಿದು ನಿಲ್ಲಿಸೋಕೆ, ಎಲ್ಲದಕ್ಕೂ ಮೊಟ್ಟೆ. ಪಾಸೋವರ್ ವಾರದಲ್ಲಿ ಅಶ್ಕೆನಾಝಿ ಮನೆಗೆ ಮೊಟ್ಟೆ ಟ್ರೇಗಟ್ಟಲೆ ಬರುತ್ತೆ. ಅದನ್ನ ತೆಗೆದ್ರೆ ಉಳಿಯೋದು ಉದುರು ಉದುರು ಮಾಟ್ಜಾ ಪುಡಿ.

ಬೇರೆ ದಿನಗಳಲ್ಲಿ ವೀಗನ್‌ಗಳು ಮೊಟ್ಟೆ ಬದಲು ಏನ್ ಹಾಕ್ತಾರೆ, ಕಡ್ಲೆಕಾಳು ಬೇಯಿಸಿದ ನೀರನ್ನ ನೊರೆ ಬರಿಸಿ ಹಾಕ್ತಾರೆ, ತೋಫು ರುಬ್ಬಿ ಹಾಕ್ತಾರೆ, ಕಾರ್ನ್ ಫ್ಲೋರ್ ಹಾಕ್ತಾರೆ. ಮೂರೂ ಕಿಟ್ನಿಯೋಟ್! ಅಗಸೆ ಪುಡಿ ನೆನೆಸಿ ಹಾಕೋದು ಕೆಲವರ ಮನೇಲಿ ನಡಿಯುತ್ತೆ, ಕೆಲವರ ಮನೇಲಿ ಇಲ್ಲ, ಕೇಳ್ಕೊಳ್ಳಿ. ಯಾರೂ ತಕರಾರು ತೆಗೆಯದೆ ಇರೋದು ಅಂದ್ರೆ ಆಲೂಗಡ್ಡೆ. ಆಲೂಗಡ್ಡೆ ಸ್ಟಾರ್ಚ್ ಪಾಸೋವರ್ ಅಂಗಡಿ ಸಾಲಲ್ಲಿ ಡಬ್ಬಗಟ್ಟಲೆ ಸಿಗುತ್ತೆ, ಮರಗೆಣಸಿನ ಸ್ಟಾರ್ಚ್ ಅಂದ್ರೆ ನಮ್ಮ ಸಬ್ಬಕ್ಕಿ ಮಾಡೋ ಹಿಟ್ಟು, ಅದೂ ಸರಿ. ಮೊಟ್ಟೆ ಮಾಡೋ ಕೆಲಸ ಎರಡು, ಹಿಡಿದಿಡೋದು ಮತ್ತೆ ಉಬ್ಬಿಸೋದು. ಹಿಡಿದಿಡೋ ಕೆಲಸ ಸ್ಟಾರ್ಚ್ ಆರಾಮಾಗಿ ಮಾಡುತ್ತೆ. ಉಬ್ಬಿಸೋದು ಆಗಲ್ಲ, ಆ ಆಸೆ ಬಿಟ್ಬಿಡಿ, ಸ್ಪಾಂಜ್ ಕೇಕ್ ಥರದ್ದನ್ನ ಮಾಡೋಕೆ ಹೋಗಲೇಬೇಡಿ, ಉಬ್ಬೋ ಅಗತ್ಯವೇ ಇಲ್ಲದ ಸ್ವೀಟ್ ಆರಿಸ್ಕೊಳ್ಳಿ.

ಮಾಟ್ಜಾ ಬಾಲ್ ಸೂಪಿಂದ ಶುರು ಮಾಡೋಣ, ಎಲ್ಲರ ಕಣ್ಣೂ ಅದರ ಮೇಲೇ. ಮಾಮೂಲಿ ಉಂಡೆಗೆ ಮಾಟ್ಜಾ ಪುಡಿ, ಮೊಟ್ಟೆ, ಕೋಳಿ ಕೊಬ್ಬು. ನಮ್ಮದಕ್ಕೆ ಒಂದು ಕಪ್ ಮಾಟ್ಜಾ ಪುಡಿ, ಒಂದು ಕಪ್ ಬೇಯಿಸಿ ನುಣ್ಣಗೆ ಮಸೆದ ಆಲೂಗಡ್ಡೆ, ಎರಡು ದೊಡ್ಡ ಚಮಚ ಆಲೂಗಡ್ಡೆ ಸ್ಟಾರ್ಚ್, ಮೂರು ಚಮಚ ಎಣ್ಣೆ, ಉಪ್ಪು, ಕಾಳುಮೆಣಸು, ಸಬ್ಬಸಿಗೆ ಸೊಪ್ಪು, ಅರ್ಧ ಕಪ್ ಬಿಸಿ ಸಾರು ಸ್ವಲ್ಪ ಸ್ವಲ್ಪ ಹಾಕಿ ಕಲಸಿ ಒಂದು ಗಂಟೆ ಫ್ರಿಜ್ಜಲ್ಲಿಡಿ, ಪುಡಿ ನೀರು ಹೀರ್ಕೊಂಡು ಗಟ್ಟಿಯಾಗುತ್ತೆ. ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಕಟ್ಟಿ. ಇಲ್ಲಿ ಒಂದು ಮುಖ್ಯ ಮಾತು, ಕುದಿಯೋ ಸಾರಿಗೆ ಹಾಕಬೇಡಿ, ಮೊಟ್ಟೆ ಇಲ್ಲದ ಉಂಡೆ ಕುದಿಯೋ ನೀರಲ್ಲಿ ಕರಗಿ ಗಂಜಿ ಆಗುತ್ತೆ. ಹಬೆಯಲ್ಲಿ 20-25 ನಿಮಿಷ ಬೇಯಿಸಿ, ಬಡಿಸೋ ಹೊತ್ತಿಗೆ ಬಟ್ಟಲಿಗೆ ಉಂಡೆ ಇಟ್ಟು ಮೇಲೆ ಬಿಸಿ ಸಾರು ಹಾಕಿ. ಸಾರಿಗೆ ಈರುಳ್ಳಿ ಸಿಪ್ಪೆ ಸಮೇತ, ಕ್ಯಾರೆಟ್, ಸೆಲರಿ, ಪಾರ್ಸ್ನಿಪ್ ಸಿಕ್ಕಿದ್ರೆ ಅದು, ಒಂದು ಹಿಡಿ ಒಣ ಅಣಬೆ, ಪಾರ್ಸ್ಲಿ ದಂಟು, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಈರುಳ್ಳಿ ಸಿಪ್ಪೆ ಇಂದ ಬರೋ ಹೊಂಬಣ್ಣ ಇದೆಯಲ್ಲ, ಕೋಳಿ ಸಾರು ನೋಡಿ ಬೆಳೆದವರ ಅರ್ಧ ಮುನಿಸು ಅದರಲ್ಲೇ ಇಳಿಯುತ್ತೆ.

ಆದ್ರೆ ನಿಲ್ಲಿ, ಮಾಟ್ಜಾ ಬಾಲ್ ತಗೊಂಡ್ ಹೋಗೋ ಮುಂಚೆ ಇನ್ನೊಂದು ಕೇಳ್ಬೇಕು. ಕಟ್ಟಾ ಸಂಪ್ರದಾಯದ ಹಸೀದಿ ಪಂಗಡದ ಎಷ್ಟೋ ಮನೆಗಳಲ್ಲಿ ಮಾಟ್ಜಾಗೆ ನೀರೇ ತಾಗಿಸಲ್ಲ, ಒಳಗೆಲ್ಲೋ ಬೇಯದ ಹಿಟ್ಟು ಉಳಿದು ಈಗ ನೆನೆದು ಹಮೆಟ್ಸ್ ಆಗಿಬಿಟ್ರೆ ಅನ್ನೋ ಭಯ. ಹೀಗೆ ನೀರು ತಾಗಿದ ಮಾಟ್ಜಾಗೆ ಗೆಬ್ರೋಕ್ಟ್ಸ್ ಅಂತಾರೆ. ಅವರು ಮಾಟ್ಜಾ ಬಾಲ್ ತಿನ್ನೋದು ಎಂಟನೇ ದಿನ ಮಾತ್ರ.

ಆಲೂಗಡ್ಡೆ ಕುಗೆಲ್ ಇದಕ್ಕಿಂತ ಸೇಫು, ನನ್ನ ಓಟು ಇದಕ್ಕೇ. ಒಂದೂವರೆ ಕಿಲೋ ಆಲೂಗಡ್ಡೆ, ಎರಡು ಈರುಳ್ಳಿ ತುರಿದು ಬಟ್ಟೆಲಿ ಹಾಕಿ ಹಿಂಡಿ. ಹಿಂಡಿದ ನೀರನ್ನ ಚೆಲ್ಲಬೇಡಿ, ಒಂದು ಪಾತ್ರೆಲಿ ಹತ್ತು ನಿಮಿಷ ಬಿಡಿ, ತಳದಲ್ಲಿ ಬೆಳ್ಳಗೆ ಗಟ್ಟಿ ಪದರ ಕೂರುತ್ತೆ, ಮೇಲಿನ ನೀರು ಬಗ್ಗಿಸಿ ಆ ಬಿಳೀದನ್ನ ತುರಿಗೆ ವಾಪಸ್ ಸೇರಿಸಿ. ಅದೇ ನಿಮ್ಮ ಮೊಟ್ಟೆ. ಜೊತೆಗೆ ಕಾಲು ಕಪ್ ಸ್ಟಾರ್ಚ್, ಉಪ್ಪು, ಕಾಳುಮೆಣಸು. ಓವನ್ 200 ಡಿಗ್ರಿಲಿ ಟ್ರೇಗೆ ಅರ್ಧ ಕಪ್ ಎಣ್ಣೆ ಹಾಕಿ ಮೊದಲೇ ಕಾಯಿಸಿ, ಕಾದ ಎಣ್ಣೆಗೆ ಈ ಮಿಶ್ರಣ ಸುರಿದ್ರೆ ಚುಂಯ್ ಅನ್ನಬೇಕು, ಆಗಲೇ ಅಂಚು ಗರಿಗರಿ ಆಗೋದು. ಒಂದು ಗಂಟೆ ಮೇಲೆ ಸ್ವಲ್ಪ, ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗೋವರೆಗೂ.

ಬ್ರೆಡ್ ಇಲ್ಲದ ರಾತ್ರಿಯಲ್ಲಿ ಮಾಟ್ಜಾಗೆ ಹಚ್ಕೊಳ್ಳೋಕೆ ಏನಾದ್ರೂ ಬೇಕು. ಅಶ್ಕೆನಾಝಿಗಳ ಲಿವರ್ ಕೀಮಾ ಥರದ್ದಕ್ಕೆ ಸಸ್ಯಾಹಾರಿ ನಕಲು ಹಳೇ ಕಾಲದಿಂದ ಇದೆ, ಕೆಲವರು ಮಸೂರ್, ಬೀನ್ಸ್ ಹಾಕ್ತಾರೆ, ಕೆಲವರು ಮೊಟ್ಟೆ, ನಾವು ಯಾವ್ದೂ ಬೇಡ. ಮೂರು ಈರುಳ್ಳಿ ಸಣ್ಣ ಉರೀಲಿ ಅರ್ಧ ಗಂಟೆ ಮುಕ್ಕಾಲು ಗಂಟೆ ಕೆಂಪಗೆ ಜಾಮ್ ಥರ ಆಗೋವರೆಗೂ ಹುರಿದು, ಕಾಲು ಕಿಲೋ ಅಣಬೆ ನೀರೆಲ್ಲ ಹಿಂಗೋವರೆಗೂ ಬಾಡಿಸಿ, ಒಂದು ಕಪ್ ಹುರಿದ ಅಕ್ರೋಟು ಸೇರಿಸಿ ತರಿತರಿಯಾಗಿ ರುಬ್ಬಿ. ಈರುಳ್ಳಿಗೆ ಅವಸರ ಮಾಡಿದ್ರೆ ರುಚಿ ಬರಲ್ಲ, ಅಷ್ಟೇ.

ಸೆಫಾರ್ದಿ ಕಡೆ ಮಿನಾ ಅಂತ ಮಾಡ್ತಾರೆ, ಮಾಟ್ಜಾ ಹಾಳೆ ನೆನೆಸಿ ಪದರ ಪದರವಾಗಿ ನಡುವೆ ಪಾಲಕ್, ಮಸೆದ ಆಲೂಗಡ್ಡೆ, ಅಣಬೆ ಇಟ್ಟು ಬೇಕ್ ಮಾಡೋದು, ಚೀಸು ಮೊಟ್ಟೆ ಬಿಟ್ರೂ ಆಲೂಗಡ್ಡೆ ಇರೋದ್ರಿಂದ ಚೆನ್ನಾಗೇ ನಿಲ್ಲುತ್ತೆ, ನಡುವೆ ಇಡೋ ಒಂದು ದೊಡ್ಡ ಐಟಂ ಬೇಕು ಅಂದ್ರೆ ಇದೇ ಬೆಸ್ಟು. ಕ್ಯಾರೆಟ್, ಗೆಣಸು, ಒಣ ಪ್ಲಮ್ ಹಾಕಿ ಸಿಹಿಯಾಗಿ ಬೇಯಿಸೋ ಟ್ಸಿಮೆಸ್‌ಗೆ ಜೇನಿನ ಬದಲು ಖರ್ಜೂರದ ಪಾಕ ಹಾಕಿ. ಸೇಡರ್ ತಟ್ಟೆಗೆ ಇಡೋ ಸಿಹಿ ಹಣ್ಣಿನ ಮಿಶ್ರಣ ಹರೋಸೆಟ್ ಅಂತೂ ಹೆಚ್ಚುಕಮ್ಮಿ ಹುಟ್ಟಾ ವೀಗನ್: ಸೇಬು, ಅಕ್ರೋಟು, ದಾಲ್ಚಿನ್ನಿ, ಸಿಹಿ ವೈನ್ ಹಾಕಿದ್ರೆ ಯುರೋಪಿಂದು, ಇರಾಕಿನವರು ಖರ್ಜೂರದ ಪಾಕಕ್ಕೆ ಅಕ್ರೋಟು ಕುಟ್ಟಿ ಹಾಕ್ತಾರೆ, ಅಷ್ಟೇ, ಎರಡೇ ಐಟಂ, ನನಗೆ ಎಲ್ಲಕ್ಕಿಂತ ಇಷ್ಟ ಅದು. ಇಟ್ಟಿಗೆ ಕಟ್ಟೋ ಗಾರೆಯ ನೆನಪಿಗೆ ಇದು, ಗುಲಾಮಗಿರಿಯ ಗಾರೆ ಇಷ್ಟು ರುಚಿ ಯಾಕಿರಬೇಕೋ ಗೊತ್ತಿಲ್ಲ.

ಭಾರತದ ಯಹೂದಿಗಳು ಇಲ್ಲಿ ನಮಗೆ ಒಂದು ದಾರಿ ತೋರಿಸಿದ್ದಾರೆ. ಕೊಂಕಣದ ಬೆನೆ ಇಸ್ರೇಲ್, ಕೊಚ್ಚಿಯ ಯಹೂದಿಗಳು, ಇಬ್ಬರೂ ಮಾಂಸದ ಸಾರಿಗೆ ಮೊಸರು ಹಾಕೋ ಹಾಗಿಲ್ಲವಲ್ಲ, ಅದಕ್ಕೆ ತೆಂಗಿನ ಹಾಲು ಹಿಡಿದ್ರು. ಕೋಷರ್ ರೂಲ್ಸೂ ಕರಾವಳಿಯ ತೆಂಗಿನ ತೋಟನೂ ಸರಿಯಾಗಿ ಕೂಡಿ ಬಂತು. ಅದೇ ಗ್ರೇವಿಗೆ ಆಲೂಗಡ್ಡೆ, ಹೂಕೋಸು, ಕ್ಯಾರೆಟ್ ಹಾಕಿ, ಶುಂಠಿ, ಹಸಿಮೆಣಸು, ಅರಿಶಿನ, ಕರಿಬೇವು (ಎಲೆ ಚೆಕ್ ಮಾಡಿ), ಕೊನೆಗೆ ನಿಂಬೆ, ಹಬ್ಬದ ಟೇಬಲ್ ಮೇಲೆ ಯಾವ ಸಂಕೋಚನೂ ಇಲ್ದೆ ಇಡಬಹುದಾದ ಡಿಶ್ಶು. ಒಗ್ಗರಣೆ ಮಾತ್ರ ಬೇಡ, ಸಾಸಿವೆ ಉದ್ದಿನಬೇಳೆ ಎರಡೂ ಕಿಟ್ನಿಯೋಟ್. ಟಿನ್ ತೆಂಗಿನ ಹಾಲಲ್ಲಿ ಗೋರಿಕಾಯಿ ಬೀಜದ ಗೋಂದು ಸೇರಿಸಿರ್ತಾರೆ, ಬರೀ ತೆಂಗು ನೀರು ಇರೋದು ನೋಡಿ, ಇಲ್ಲಾಂದ್ರೆ ಕಾಯಿ ಒಡೆದು ಹಿಂಡಿ.

ಇಂಗು ಅಂದೆನಲ್ಲ. ನಾವು ಡಬ್ಬಿಲಿ ತರೋದು ಶುದ್ಧ ಇಂಗಲ್ಲ, ಕೂಟು ಇಂಗು, ಅಂದ್ರೆ ಒಂದಿಷ್ಟು ಇಂಗಿಗೆ ಗೋಂದು ಮತ್ತೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿದ್ದು. ಡಬ್ಬಿ ತಿರುಗಿಸಿ ಓದಿ ನೋಡಿ. ಅಂದ್ರೆ ಕಿಟ್ನಿಯೋಟ್ ಮಟ್ಟದ ತಕರಾರಲ್ಲ ಇದು, ನೇರ ಹಮೆಟ್ಸ್. ಕಿಟ್ನಿಯೋಟ್ ಮನೇಲಿ ಇದ್ರೆ ಪರವಾಗಿಲ್ಲ, ತಿನ್ನಬಾರದು ಅಷ್ಟೇ, ಹಮೆಟ್ಸ್ ಬಾಗಿಲೊಳಗೇ ಬರೋ ಹಾಗಿಲ್ಲ. ಒಂದು ಚಿಟಿಕೆ ಇಂಗು ಹಾಕಿದ ಪಲ್ಯ ತಗೊಂಡು ಹೋದ್ರೆ ಆ ಮನೆಯವರು ವಾರಗಟ್ಟಲೆ ತಿಕ್ಕಿ ತೊಳೆದಿದ್ದು ದಂಡ. ಸಾರಿನ ಪುಡಿ, ಹುಳಿ ಪುಡಿ ಎಲ್ಲದಕ್ಕೂ ಇದೇ ಮಾತು, ಅದರಲ್ಲಿ ಇಂಗೂ ಇರುತ್ತೆ ಬೇಳೆನೂ ಇರುತ್ತೆ.

ಇನ್ನು ಸೇಡರ್ ತಟ್ಟೆ. ನಡುವೆ ಒಂದು ತಟ್ಟೆಲಿ ಸಂಕೇತವಾಗಿ ಕಹಿ ಸೊಪ್ಪು ಅಥವಾ ಹಾರ್ಸ್‌ರ್ಯಾಡಿಶ್ ಗೆಡ್ಡೆ, ಉಪ್ಪುನೀರಲ್ಲಿ ಅದ್ದೋಕೆ ಪಾರ್ಸ್ಲಿ, ಹರೋಸೆಟ್, ಇವೆಲ್ಲ ಗಿಡದ್ದೇ. ತೊಡಕಾಗೋದು ಎರಡು, ಸುಟ್ಟ ಕುರಿ ಎಲುಬು ಮತ್ತೆ ಮೊಟ್ಟೆ. ಎಲುಬು ಹಿಂದೆ ಜೆರುಸಲೇಮಿನ ದೇವಾಲಯದಲ್ಲಿ ಬಲಿ ಕೊಡ್ತಿದ್ದ ಪಸ್ಕ ಕುರಿಯ ನೆನಪು, ಮೊಟ್ಟೆ ಹಬ್ಬದ ಇನ್ನೊಂದು ಬಲಿಯ ನೆನಪು. ವೀಗನ್ ಮನೆಗಳಲ್ಲಿ ಎಲುಬಿನ ಜಾಗಕ್ಕೆ ಬೀಟ್‌ರೂಟ್ ಇಡ್ತಾರೆ, ಇದು ಈಗಿನವರು ಫ್ಯಾಶನ್‌ಗೆ ಕಂಡುಹಿಡಿದಿದ್ದು ಅಂದ್ಕೋಬೇಡಿ. ಹಳೇ ಧರ್ಮನಿಯಮಗಳ ಸಂಗ್ರಹ ಮಿಷ್ನಾದಲ್ಲಿ ಹೇಳಿರೋದು ಎರಡು ಬೇಯಿಸಿದ ಪದಾರ್ಥ ಇಡಿ ಅಂತ, ಯಾವ್ದು ಆ ಎರಡು ಅಂತ ಅದರ ಮೇಲಿನ ಚರ್ಚೆಯ ಗ್ರಂಥ ಟಾಲ್ಮಡ್‌ನ ಪೆಸಾಹಿಮ್ ಭಾಗದಲ್ಲಿ ಕೇಳಿದಾಗ ರವ್ ಹೂನಾ ಅನ್ನೋ ಪಂಡಿತರು ಕೊಟ್ಟ ಉತ್ತರ ಬೀಟ್ ಮತ್ತೆ ಅಕ್ಕಿ! ಅಲ್ಲೇ ರವ್ ಅಶಿ ಇನ್ನೊಂದು ಮಾತು ಸೇರಿಸ್ತಾರೆ, ಅಕ್ಕಿ ಹುಳಿ ಬರುತ್ತೆ ಅನ್ನೋ ಭಯ ಯಾರಿಗೂ ಇಲ್ಲ ಅಂತ ಇದರಿಂದ ಗೊತ್ತಾಗುತ್ತೆ ಅಂತ. ಅಂದ್ರೆ ಒಂದೇ ಪುಟದಲ್ಲಿ ವೀಗನ್ ತಟ್ಟೆಗೂ ಆಧಾರ ಸಿಕ್ತು, ಅನ್ನಕ್ಕೂ ಸಿಕ್ತು, ಆದ್ರೂ ಸಾವಿರ ವರ್ಷ ಆದ್ಮೇಲೆ ಯುರೋಪಿನಲ್ಲಿ ಅಕ್ಕಿ ಬಿಟ್ರು ನೋಡಿ. ಮೊಟ್ಟೆ ಜಾಗಕ್ಕೆ ಇಷ್ಟು ಗಟ್ಟಿ ಆಧಾರ ಇರೋ ಬದಲಿ ಇಲ್ಲ, ಚಿಕ್ಕ ಆಲೂಗಡ್ಡೆ, ಬೆಣ್ಣೆಹಣ್ಣಿನ ಬೀಜ, ಹೂವು, ಮನೆಗೊಂದು ಥರ.

ಹಬ್ಬಕ್ಕೆ ಮಾಂಸ ತಿನ್ನಲೇಬೇಕಲ್ವಾ ಅಂತ ಮಾವನೋ ಅಜ್ಜನೋ ಕೇಳ್ತಾರೆ, ಕೇಳದೆ ಇರಲ್ಲ. ಅದಕ್ಕೂ ಪೆಸಾಹಿಮಲ್ಲೇ ಉತ್ತರ ಇದೆ, ದೇವಾಲಯ ಇದ್ದಾಗ ಹಬ್ಬದ ಸಂತೋಷ ಮಾಂಸದಿಂದ, ಈಗ ವೈನಿಂದ ಅಂತ. ದೇವಾಲಯ ಕ್ರಿ.ಶ. 70ರಲ್ಲೇ ಹೋಯ್ತು. ಅಷ್ಟೇ ಅಲ್ಲ, ಬಲಿ ಇಲ್ಲದ ಕಾಲದಲ್ಲಿ ಬಲಿಯನ್ನ ಅಣಕಿಸಿದ ಹಾಗೆ ಆಗಬಾರದು ಅಂತ ಅಶ್ಕೆನಾಝಿಗಳು ಸೇಡರ್ ರಾತ್ರಿ ಸುಟ್ಟ ಕುರಿ ಮಾಂಸ ತಿನ್ನೋದೇ ಇಲ್ಲ.

ವೈನ್ ವಿಷಯ ಬೇಗ ಮುಗಿಸ್ತೀನಿ. ಕೋಷರ್ ವೈನ್ ಬೇರೆ, ವೀಗನ್ ವೈನ್ ಬೇರೆ, ವೈನ್ ತಿಳಿಯಾಗಿಸೋಕೆ ಮೊಟ್ಟೆಯ ಬಿಳಿ ಬಳಸಿದ್ರೂ ಕೋಷರ್ ಆಗಬಹುದು. ಬಾಟಲ್ ಮೇಲೆ ಎರಡೂ ಇರಬೇಕು. ಬಿಯರ್ ಬೇಡ, ಅದು ಬಾರ್ಲಿ.

ಮನೆಯವರು ಬಹಳ ಸ್ಟ್ರಿಕ್ಟ್ ಆಗಿದ್ರೆ ನಿಮ್ಮ ಅಡುಗೆಮನೇಲಿ ಮಾಡಿದ್ದು ಏನೇ ಆದ್ರೂ ನಡಿಯಲ್ಲ, ಬೇಜಾರು ಮಾಡ್ಕೋಬೇಡಿ, ಸಮಸ್ಯೆ ನಿಮ್ಮ ರೆಸಿಪಿದಲ್ಲ, ಪಾತ್ರೆದು. ನಿಮ್ಮ ಇಡ್ಲಿ ಪಾತ್ರೆಲಿ ಯಾವಾಗಲೋ ರವೆ ಇಡ್ಲಿ ಬೆಂದಿರುತ್ತೆ, ಅದು ಗೋಧಿ ರವೆ. ಅವರಲ್ಲಿ ಪಾಸೋವರ್‌ಗೇ ಅಂತ ಬೇರೆ ಪಾತ್ರೆ, ಬೇರೆ ತಟ್ಟೆ ಸೆಟ್ ಇರುತ್ತೆ. ಅಂಥಲ್ಲಿ ಒಂದು ಗಂಟೆ ಮುಂಚೆ ಹೋಗಿ ಅವರ ಪಾತ್ರೆಲಿ ಅವರ ಸಾಮಾನಲ್ಲಿ ಮಾಡಿ, ಒಲೆ ಅವರು ಹಚ್ತಾರೆ (ಅಶ್ಕೆನಾಝಿ ಮನೇಲಿ ಅಷ್ಟು ಸಾಕು, ಸೆಫಾರ್ದಿ ಮನೇಲಿ ಪಾತ್ರೆನೂ ಅವರೇ ಒಲೆ ಮೇಲೆ ಇಡ್ತಾರೆ). ಆದ್ರೆ ಹೊತ್ತು ಮುಳುಗೋ ಮುಂಚೆ ಮುಗಿಸಿ, ಆಮೇಲೆ ಹಬ್ಬ ಶುರುವಾಗುತ್ತೆ, ಹೊಸದಾಗಿ ಬೆಂಕಿ ಹಚ್ಚೋ ಹಾಗಿಲ್ಲ. ಅದೂ ಆಗಲ್ಲ ಅಂದ್ರೆ ಹೆಚ್ಚದ ಇಡೀ ಹಣ್ಣು ತಗೊಂಡು ಹೋಗಿ.

ಸ್ವೀಟ್‌ಗೆ ನಮ್ಮ ಕೊಬ್ಬರಿ ಮಿಠಾಯಿಗಿಂತ ಸರಿಯಾದ್ದು ಸಿಗಲ್ಲ. ಕಾಯಿತುರಿ, ಸಕ್ಕರೆ, ಏಲಕ್ಕಿ, ತುಪ್ಪದ ಬದಲು ತಟ್ಟೆಗೆ ತೆಂಗಿನೆಣ್ಣೆ ಸವರಿ. ಗೋಧಿ ಇಲ್ಲ, ಕಾಳಿಲ್ಲ, ಮೊಟ್ಟೆ ಇಲ್ಲ, ಉಬ್ಬಬೇಕಾದ ಅಗತ್ಯನೂ ಇಲ್ಲ, ಅವರ ಮ್ಯಾಕರೂನ್ ಕೂಡ ತೆಂಗಿಂದೇ ಆದ್ರಿಂದ ಯಾರಿಗೂ ಹೊಸ ರುಚಿ ಅನ್ಸಲ್ಲ. ಅಮೆರಿಕಾದಲ್ಲಿ ಕೆಲವು ಬಿಳಿ ಸಕ್ಕರೆಯನ್ನ ಮೂಳೆ ಇದ್ದಿಲಲ್ಲಿ ಸೋಸಿರ್ತಾರೆ, ಆರ್ಗ್ಯಾನಿಕ್ ಅಂತಿರೋದು ತಗೊಂಡ್ರೆ ಆ ಚಿಂತೆ ಇಲ್ಲ. ಬಡಿಸೋ ಟೈಮ್ ಮಾತ್ರ ನೋಡ್ಕೊಳ್ಳಿ: ಊಟದ ಕೊನೆಗೆ ಬಚ್ಚಿಟ್ಟ ಮಾಟ್ಜಾ ಚೂರು, ಅಫಿಕೋಮನ್, ಮಕ್ಕಳು ಹುಡುಕಿ ತಂದು ಎಲ್ಲರಿಗೂ ಹಂಚ್ತಾರೆ, ಅದು ಬಾಯಿಗೆ ಬಿದ್ದ ಮೇಲೆ ಉಳಿದ ಎರಡು ಲೋಟ ವೈನ್, ನೀರು ಬಿಟ್ರೆ ಆ ರಾತ್ರಿ ಇನ್ನೇನೂ ತಿನ್ನೋ ಹಾಗಿಲ್ಲ, ಹಾಗಾಗಿ ಮಕ್ಕಳು ಹುಡುಕೋಕೆ ಎದ್ದರು ಅಂತ ಕಂಡ ತಕ್ಷಣ ಮಿಠಾಯಿ ಡಬ್ಬಿ ಸುತ್ತು ಹೊಡೆಸಿಬಿಡಿ.